ಕಂಡಿ ಮುಚ್ಚಿದವರು

"ಇನ್ನೊಂದು ಕಲ್ಲು. ನಿಧಾನ, ತಲೆ ಅದರ ಕೆಳಗಿದೆ," ಎಂದಳು ಡಿಟೆಕ್ಟಿವ್ ಕ್ಲಾಡೆಟ್ ರೊಬಿದೂ.

ಊರಿನ ಕಾನ್‌ಸ್ಟೇಬಲ್ ವೆಂಡೆಲ್ ಪೈಕ್ ಕಲ್ಲನ್ನು ತಬ್ಬಿ ಎತ್ತಿ ಹುಲ್ಲಿಗೆ ಉರುಳಿಸಿದ. ಕೆಳಗೆ ಲೋವೆಲ್ ಸ್ಟ್ಯಾನರ್ಡನ ಮುಖ ಕಾಣಿಸಿತು. ಪೈಕ್ ಟೋಪಿ ತೆಗೆದ.

"ಶಾಲೇಲಿ ನಂಗೆ ಲೆಕ್ಕ ಕಲಿಸಿದ ಮೇಷ್ಟ್ರು. ನೀನು ಯಾವತ್ತೂ ಉದ್ಧಾರ ಆಗಲ್ಲ ಅಂತಿದ್ರು."

"ಸುಳ್ಳು ಹೇಳೋ ಮನುಷ್ಯ ಅಲ್ಲ ಬಿಡು. ಆ ಕಡೆ ಹಿಡಿ."

ಸ್ಟ್ಯಾನರ್ಡ್ ಕಾಣೆಯಾದ ದೂರು ಠಾಣೆಗೆ ಬಂದದ್ದು ಅಕ್ಟೋಬರ್ ಹತ್ತೊಂಬತ್ತರ ಬೆಳಿಗ್ಗೆ. ಕೊಟ್ಟವಳು ಅವನ ಹೆಂಡತಿ. ನಿವೃತ್ತ ಮೇಷ್ಟ್ರು ಭೂರಕ್ಷಣಾ ಟ್ರಸ್ಟಿನ ಸ್ವಯಂಸೇವಕನಾಗಿದ್ದ. ಹೊಲ ಹೊಲವಾಗಿಯೇ ಉಳಿಯಲಿ, ಎಂದೆಂದಿಗೂ ಅಲ್ಲಿ ಮನೆ ಏಳದಿರಲಿ ಎಂದು ಮಾಲೀಕರು ಟ್ರಸ್ಟಿಗೆ ಕರಾರು ಬರೆದುಕೊಟ್ಟ ಜಮೀನುಗಳು ವರ್ಮಾಂಟಿನ ಆ ಕಣಿವೆಯಲ್ಲಿ ಬೇಕಾದಷ್ಟಿದ್ದವು. ಎಲೆ ಉದುರುವ ಕಾಲದಲ್ಲಿ ಅವನು ಒಂದೊಂದರ ಗಡಿಯನ್ನೂ ನಡೆದು, ಕರಾರು ಮುರಿದಿಲ್ಲವೆಂಬುದಕ್ಕೆ ಸಾಕ್ಷಿಯಾಗಿ ಪ್ರತಿವರ್ಷ ನಿಂತ ಜಾಗದಲ್ಲೇ ನಿಂತು ಫೋಟೊ ತೆಗೆಯುತ್ತಿದ್ದ. ಹಿಂದಿನ ದಿನ ಮಧ್ಯಾಹ್ನ ಥ್ರಾಲ್ ಕುಟುಂಬದ ಜಮೀನಿಗೆ ಹೊರಟವನು ಮನೆಗೆ ಮರಳಿರಲಿಲ್ಲ.

ಮೇಲ್ನೋಟಕ್ಕೆ ಅಪಘಾತ. ಗಾರೆಯಿಲ್ಲದ ಹಳೆಯ ಕಲ್ಲುಗೋಡೆ. ಮುದುಕ ಹತ್ತಿ ದಾಟಲು ಹೋಗಿದ್ದಾನೆ, ಗೋಡೆ ಮೈಮೇಲೆ ಬಿದ್ದಿದೆ. ಪೈಕ್ ಮಹಜರಿನಲ್ಲಿ ಹಾಗೆಯೇ ಬರೆದ. ಸಹಿ ಹಾಕಲು ಪೆನ್ನು ತೆಗೆದ ರೊಬಿದೂ ಅಲ್ಲಿಗೇ ನಿಂತಳು. ಗೋಡೆ ಬಿದ್ದು ಆದ ಕಂಡಿಗೆ ಅಡ್ಡಲಾಗಿ ಮೂರು ಗಳಗಳಿದ್ದವು. ಹುಲ್ಲಿನ ಪಿಂಡಿ ಕಟ್ಟುವ ಹುರಿಯಿಂದ ಬಿಗಿದ ಹೊಸ ಗಂಟುಗಳು. ಈಚೆ ಕಡಸುಗಳು ಮೇಯುತ್ತಿದ್ದವು, ಆಚೆ ರಸ್ತೆ.

"ಇದನ್ನ ನೀನು ಕಟ್ಟಿದ್ಯಾ?"

"ಇಲ್ಲ. ನಾವು ಬಂದಾಗ್ಲೇ ಇತ್ತು."

"ಹಾಗಾದ್ರೆ ಗೋಡೆ ಬಿದ್ಮೇಲೆ ಇಲ್ಲಿಗೆ ಯಾರೋ ಬಂದಿದ್ದಾರೆ. ಹೆಣ ಇಲ್ಲೇ ಬಿದ್ದಿದೆ, ಒಬ್ಬರಿಗೂ ಹೇಳಿಲ್ಲ. ದನ ರಸ್ತೆಗೆ ಹೋಗದ ಹಾಗೆ ಮಾತ್ರ ಭದ್ರ ಮಾಡಿದ್ದಾರೆ."

ಪೈಕ್ ಗಂಟನ್ನು ಮುಟ್ಟಿ ನೋಡಿದ. ಅವನದೂ ದನ ಸಾಕಿದ ಮನೆ. "ಕಂಡಿ ಬಿಟ್ಟು ಹೋಗಕ್ಕೆ ಮನಸ್ಸು ಬರಲ್ಲ," ಎಂದ. "ಕೈ ತಾನಾಗೇ ಕಟ್ಟಿಬಿಡುತ್ತೆ."

ಮನೆ ಬಂಡೆಯ ದಿಬ್ಬದ ಮೇಲಿತ್ತು, ಕಡಿದಾದ ಕಲ್ಲಿನ ಮೆಟ್ಟಿಲು. ಹೆಸ್ಟರ್ ಥ್ರಾಲ್ ಅಡುಗೆಮನೆಯಲ್ಲಿ ಹಾಲಿನ ಕ್ಯಾನು ತೊಳೆಯುತ್ತಿದ್ದಳು. ನಡೆಯಲಾಗದ ತಂಗಿ ಏವಿಸ್ ಒಲೆಯ ಪಕ್ಕ ಗಾಲಿಕುರ್ಚಿಯಲ್ಲಿ ಕೂತು ಸೇಬು ಹೆಚ್ಚುತ್ತಿದ್ದಳು.

"ನಿನ್ನೆ ಲೋವೆಲ್ ಬಂದಿದ್ರಾ?" ಎಂದು ರೊಬಿದೂ ಹೆಸ್ಟರಳನ್ನು ಕೇಳಿದಳು.

"ಬಂದಿರಬೇಕು. ನಾನು ನೋಡ್ಲಿಲ್ಲ."

"ನೀವು ರಸ್ತೆ ಕಡೆ ಹುಲ್ಲುಗಾವಲಿಗೆ ಹೋಗಿದ್ರಾ?"

"ಈ ವಾರ ಆ ಕಡೆ ತಲೇನೇ ಹಾಕಿಲ್ಲ."

"ಕಂಡಿ ಕಟ್ಟಿದ್ದು ಯಾರು?"

"ಯಾವ ಕಂಡಿ?"

"ನಿನ್ನೆ ಸಂಜೆ ಕಟ್ಟಿ ಬಂದೆ ಅಂದ್ಯಲ್ಲೇ ಹೆಸ್ಟರ್," ಎಂದಳು ಏವಿಸ್, ತಲೆ ಎತ್ತದೆ. "ಕೊಟ್ಟಿಗೆಯಿಂದ ಗಳ ಎಳ್ಕೊಂಡು ಹೋದ್ಯಲ್ಲ? ಊಟಾನೂ ಮಾಡ್ಲಿಲ್ಲ."

ತಂಗಿ ತಲೆ ಎತ್ತಿದಳು. ಅಕ್ಕನ ಮುಖ ನೋಡಿ ಚಾಕು ಕೆಳಗಿಟ್ಟಳು.

ಗೋಡೆಯಿಂದ ಸ್ವಲ್ಪ ದೂರದಲ್ಲಿ ಹುಲ್ಲಿನ ಪಿಂಡಿಗಳ ರಾಶಿಯಿತ್ತು. ಪೈಕ್ ಅವನ್ನು ಸರಿಸಿದಾಗ ಕೆಳಗೆ ಚೌಕಾಕಾರದ ಅಗೆತ, ಜಲ್ಲಿ, ಅಡಿಪಾಯದ ಹಲಗೆಗಳು ಸಿಕ್ಕವು. ಮರಣೋತ್ತರ ವರದಿ ಮರುದಿನ ಬಂತು: ತಲೆಯ ಹಿಂಬದಿಯ ಗಾಯ ಕಲ್ಲಿನದಲ್ಲ, ಹರಿತವಾದ ಕಬ್ಬಿಣದ್ದು. ಅಂದೇ ಹೆಸ್ಟರಳ ಬಂಧನವಾಯಿತು. ವಕೀಲ ಬೇಡವೆಂದು ಅವಳು ಹೇಳಿಕೆ ಕೊಟ್ಟಳು.

"ಚಳಿಗಾಲ ಪೂರ್ತಿ ಏವಿಸ್‌ನ ಬೆನ್ನ ಮೇಲೆ ಹೊತ್ತು ಆ ಮೆಟ್ಟಿಲು ಇಳೀತೀನಿ. ಹೋದ ಸಲ ಹಿಮದಲ್ಲಿ ಇಬ್ರೂ ಬಿದ್ವಿ. ಅವಳನ್ನ ಆರೈಕೆ ಮನೆಗೆ ಸೇರಿಸಿ ಅಂದ್ರು ಡಾಕ್ಟ್ರು. ನಮ್ಮ ಜಮೀನಲ್ಲಿ ಸಮತಟ್ಟಾಗಿರೋದು ಅದೊಂದೇ ಮೂಲೆ. ಅಲ್ಲೊಂದು ಮೆಟ್ಟಿಲಿಲ್ಲದ ಮನೆ ಕಟ್ಟಲಾ ಅಂತ ಟ್ರಸ್ಟನ್ನ ಕೇಳ್ದೆ, ಆಗಲ್ಲ ಅಂದ್ರು. ಹೇಳದೇ ಕೇಳದೇ ಅಡಿಪಾಯಕ್ಕೆ ಹಲಗೆ ಹೊಡೀತಿದ್ದೆ, ಲೋವೆಲ್ ಬಂದು ಕ್ಯಾಮೆರಾ ಎತ್ತಿದ. ಈ ಒಂದು ಫೋಟೊ ಬಿಟ್ಬಿಡೋ ಅಂದೆ. 'ನಿಮ್ಮಪ್ಪಂಗೆ ಮಾತು ಕೊಟ್ಟಿದ್ದೀನಿ ಹೆಸ್ಟರ್' ಅಂದ. ಆ ಕರಾರಿಗೆ ಅಪ್ಪನ ಪಕ್ಕದಲ್ಲಿ ನಾನೂ ಸಹಿ ಹಾಕಿದ್ದೆ. ಸಲಿಕೆ ಕೈಲೇ ಇತ್ತು."

"ಗೋಡೆ?"

"ಟ್ರ್ಯಾಕ್ಟರಲ್ಲಿ ನೂಕ್ದೆ. ನನ್ನಜ್ಜ ಕಟ್ಟಿದ ಗೋಡೆ."

ಇಪ್ಪತ್ತೊಂದರಂದು ರೊಬಿದೂ ಏವಿಸಳ ಹೇಳಿಕೆಗೆ ಸಹಿ ಪಡೆಯಲು ಹೋದಳು. ಕೊಟ್ಟಿಗೆಯಲ್ಲಿ ನೆರೆಯವರು ಹಾಲು ಕರೆಯುತ್ತಿದ್ದರು. ಟ್ರಸ್ಟಿನ ಅಧ್ಯಕ್ಷ ಎಲಿಯಟ್ ಪೀಬಡಿ ಅಡುಗೆಮನೆಯಲ್ಲಿ ಕೋಟು ಬಿಚ್ಚದೆ ನಿಂತಿದ್ದ.

"ತುರ್ತು ಸಭೆ ಮಾಡಿದ್ವಿ ಏವಿಸ್. ಎಲ್ರೂ ಒಪ್ಪಿದ್ದಾರೆ. ಕೋರ್ಟಿಗೆ ನಾವೇ ಹೋಗಿ ಕರಾರು ತಿದ್ದಿಸ್ತೀವಿ. ಆ ಮೂಲೇಲಿ ನಿನಗೊಂದು ಪುಟ್ಟ ಮನೆ, ಒಂದೂ ಮೆಟ್ಟಿಲಿಲ್ಲದ್ದು. ಖರ್ಚೆಲ್ಲ ನಮ್ದು."

"ಲೋವೆಲ್ ಬಿದ್ದ ಜಾಗದಲ್ಲಿ."

"ಇಲ್ಲಾಂದ್ರೆ ಇದೇ ಸೋಮವಾರ ನಿನ್ನ ಆರೈಕೆ ಮನೆಗೆ ಕರ್ಕೊಂಡು ಹೋಗ್ತಾರೆ. ಹೆಸ್ಟರ್ ಇಷ್ಟೆಲ್ಲ ಮಾಡಿದ್ದು ನೀನು ಅಲ್ಲಿಗೆ ಹೋಗಬಾರದು ಅಂತಲೇ ತಾನೆ?"

"ಅವಳೂ ನನ್ನ ಒಂದ್ಮಾತು ಕೇಳ್ಲಿಲ್ಲ ಎಲಿಯಟ್. ನೀವೂ ಕೇಳ್ಲಿಲ್ಲ."

"ಈಗ ಕೇಳ್ತಿದ್ದೀನಲ್ಲ."

"ಬೇಡ," ಎಂದಳು ಏವಿಸ್.