ಮೌನಿಕಾ ಹಿಡಿದ ಆಡಿನ ಕೇಸು

“ಖಾಲಾ, ಆಡು ಶಾವಿಗಿ ತಿನ್ನೋದು ನೀವು ಕಣ್ಣಾರೆ ನೋಡೀರೇನ್ರಿ? ಹೌದೋ ಇಲ್ಲೋ, ಅಷ್ಟ ಹೇಳ್ರಿ!”

ಬೇವಿನ ಕಟ್ಟೆಯ ಮುಂದೆ ಮೌನಿಕಾ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು. ಓದುವುದು ಐದನೇ ಕ್ಲಾಸು. ಹೆಗಲ ಮೇಲೆ ಅತ್ತೆಯ ಕಪ್ಪು ಓಢಣಿ, ಥೇಟ್ ವಕೀಲರ ಕೋಟಿನ ಹಾಗೆ. ಸುರಪುರದ ಗುಡ್ಡದ ಕೆಳಗಿನ ಆ ಓಣಿಗೆ ಓಣಿಯೇ ಅಲ್ಲಿ ನೆರೆದಿತ್ತು.

ಓಣಿಗೆಲ್ಲ ದೊಡ್ಡಮ್ಮನಂತಿದ್ದ ಸಾಬೇರಾ ಖಾಲಾಗೆ ಮೈಯೆಲ್ಲ ಉರಿಯುತ್ತಿತ್ತು. “ನೋಡೋದೇನೈತಿ? ರೋಜಾ ಹಿಡಿದು, ಹನಿ ನೀರು ಕುಡೀದ ಶಾವಿಗಿ ಹೊಸದೀನಿ, ರಂಜಾನ್ ಹಬ್ಬಕ್ಕಂತ. ಹೊರಸಿನ ಮ್ಯಾಲ ಒಣಗಾಕ ಹಾಕಿ, ನಮಾಜ್ ಮಾಡಿ ಬರೂದ್ರಾಗ ಅರ್ಧ ಮಾಯ! ನಾಗಲಕ್ಷ್ಮಿ ಆಡು ಬಿಟ್ರ ಮತ್ಯಾವ ದೆವ್ವ ತಿಂತೈತಿ?”

“ಅಂದ್ರ ನೋಡಿಲ್ಲ! ಮೈ ಲಾರ್ಡ್, ಇವರು ನೋಡೇ ಇಲ್ಲ!”

ಮೈ ಲಾರ್ಡ್ ಎಂದರೆ ಬೇರೆ ಯಾರೂ ಅಲ್ಲ, ಕಟ್ಟೆಯ ಮೇಲೆ ಕುಳಿತಿದ್ದ ಪರಿಮಳಾ ಅತ್ತೆ. ಕಲಬುರಗಿಯಲ್ಲಿ ಕಾನೂನು ಓದುವ ಅತ್ತೆ ರಜೆಗೆ ಊರಿಗೆ ಬಂದಿದ್ದಳು. ವಕೀಲೆ ಆಗುವುದು ಎಷ್ಟು ಕಷ್ಟ ಎಂದು ಮೌನಿಕಾ ಬೆಳಿಗ್ಗೆಯಷ್ಟೇ ಕೇಳಿದ್ದಳು.

“ಪಿಯುಸಿ ಆದಮ್ಯಾಲ ಐದು ವರ್ಷ ಓದಬೇಕು,” ಎಂದಿದ್ದಳು ಅತ್ತೆ. “ಅದಾದಮ್ಯಾಲ ಇನ್ನೊಂದು ಪರೀಕ್ಷೆ. ಆಮ್ಯಾಲ ದೊಡ್ಡ ವಕೀಲರ ಫೈಲು ಹೊತ್ಕೊಂಡು ಅವರ ಹಿಂದ ತಿರಗಬೇಕು.”

“ಮಾತಾಡಾಕ ಐದು ವರ್ಷ ಓದಬೇಕಾ? ನಂಗ ಈಗಲೇ ಬರ್ತೈತಿ!”

ಸುಳ್ಳೇನಲ್ಲ ಬಿಡಿ. ಅರಳು ಹುರಿದಂತೆ ಮಾತಾಡುವ ಈ ಹುಡುಗಿಗೆ ಎದುರು ಹೇಳುವವರು ಓಣಿಯಲ್ಲೇ ಇರಲಿಲ್ಲ. ಈಗಂತೂ ಗೆಳತಿ ನಾಗಲಕ್ಷ್ಮಿಯ ಆಡಿನ ಕೇಸೇ ಕೈಗೆ ಸಿಕ್ಕಿದೆ!

ಅದು ಹುಡುಗಾಟದ ಕೇಸಲ್ಲ. ನಾಗಲಕ್ಷ್ಮಿಯ ಅಪ್ಪ ಹುಲಗಪ್ಪ ಮೊದಲೇ ಹೇಳಿಬಿಟ್ಟಿದ್ದ, “ಇನ್ನೊಂದು ದೂರು ಬಂದ್ರ ಆಡು ಸಂತಿಗೆ ಹೋಗ್ತೈತಿ,” ಅಂತ. ಆ ದೂರು ಇವತ್ತು ಬಂದಿತ್ತು. ತಾಯಿಯಿಲ್ಲದ ಮರಿಗೆ ಚುಕ್ಕಿ ಎಂದು ಹೆಸರಿಟ್ಟು, ಬಾಟಲಿಯಲ್ಲಿ ಹಾಲು ಕುಡಿಸಿ ಸಾಕಿದವಳು ನಾಗಲಕ್ಷ್ಮಿ. ಈಗ ಚುಕ್ಕಿಯ ಕೊರಳು ತಬ್ಬಿಕೊಂಡು ನಿಂತಿದ್ದಳು.

“ಚುಕ್ಕಿನ್ನ ಮನಿ ಮುಂದ ಹಗ್ಗದಾಗ ಕಟ್ಟಿದ್ರು!” ಮೌನಿಕಾ ಕೈ ಬೀಸಿದಳು. “ಶಾವಿಗಿ ಕಾಯಾಕ ಯಾರು ಕುಂತಿದ್ರು?”

“ನಾನು,” ಎಂದ ಆಸೀಫ್. ಖಾಲಾಳ ಮೊಮ್ಮಗ, ಇನ್ನೂ ಒಂದನೇ ಕ್ಲಾಸು.

“ಪೂರಾ ಹೊತ್ತು ಅಲ್ಲೇ ಇದ್ದೇನು?”

“ಇಲ್ಲ... ಗೋಲಿ ಆಡಾಕ ಹೋಗಿದ್ದೆ.”

“ಕೇಳಿದ್ರಾ, ಕೇಳಿದ್ರಾ! ಜೇಬಿನ್ಯಾಗ ಏನೈತಿ, ತಗಿ!”

ಆಸೀಫ್ ಅಳುಕುತ್ತಾ ಕೈ ಹೊರತೆಗೆದ. ಗೋಲಿಗಳ ಜತೆ ಶಾವಿಗೆಯ ಚೂರುಗಳು ಪುರುಪುರು ಉದುರಿದವು.

“ಶಾವಿಗಿ ಕಳ್ಳ ಸಿಕ್ಕ, ಮೈ ಲಾರ್ಡ್!”

ಓಣಿಯವರೆಲ್ಲ ಹೋ ಎಂದು ನಕ್ಕರು. “ಭೇಷ್ ಮೌನಿಕಾ!” ಎಂದು ಯಾರೋ ಚಪ್ಪಾಳೆ ತಟ್ಟಿದರು. ಮೌನಿಕಾಳಿಗೆ ಆಕಾಶ ಮೂರೇ ಗೇಣು.

ಖಾಲಾ ಮಾತ್ರ ನಗಲಿಲ್ಲ, ಮೊಮ್ಮಗನ ಕಿವಿ ಹಿಂಡಿದಳು. “ಕಾಯಾಕ ಕುಂದ್ರಿಸಿದ್ರ ನೀನ ತಿಂತೀಯಾ? ಹಬ್ಬಕ್ಕ ಹೊಸ ಅಂಗಿ ಇಲ್ಲ, ಏನೂ ಇಲ್ಲ, ನಡಿ!”

“ಒಂದ್ ಚೂರ ತಗೊಂಡಿದ್ದೆ ನಾನಿ, ಒಂದ ಚೂರು!” ಆಸೀಫ್ ಬಿಕ್ಕಿ ಬಿಕ್ಕಿ ಅಳತೊಡಗಿದ.

ಅಷ್ಟರಲ್ಲಿ ನಾಗಲಕ್ಷ್ಮಿ ಮೌನಿಕಾಳ ಕೈ ಹಿಡಿದು ಬೇವಿನ ಮರದ ಹಿಂದಕ್ಕೆ ಎಳೆದೊಯ್ದಳು. ಪಿಸುಗುಟ್ಟಿದಳು, “ಚುಕ್ಕಿನ ತಿಂದೈತಿ ಲೇ. ಆಟ ಆಡ್ಸಾಕಂತ ನಾನ ಹಗ್ಗ ಬಿಚ್ಚಿದ್ದೆ. ಅದರ ಬಾಯಾಗಿನ ಶಾವಿಗಿ ನಾನ ಕೈಲೆ ಎಳದು ಒಗದೀನಿ.”

ಮೌನಿಕಾ ಅವಳ ತೋಳು ಹಿಡಿದಳು. “ಮೊದಲ ಯಾಕ ಹೇಳಲಿಲ್ಲ?”

“ನೀ ಎಲ್ಲಿ ಕೇಳಿದಿ?”

ಹೌದಲ್ಲ! ಓಣಿಯವರನ್ನೆಲ್ಲ ಪ್ರಶ್ನೆ ಕೇಳಿದ್ದಳು, ನಾಗಲಕ್ಷ್ಮಿ ಒಬ್ಬಳನ್ನು ಬಿಟ್ಟು. ಮೌನಿಕಾ ಅತ್ತೆಯ ಬಳಿಗೆ ಓಡಿ ಕಿವಿಯಲ್ಲಿ ಕೇಳಿದಳು. “ಅತ್ತಿ, ವಕೀಲರು ಯಾರ ಪರ ವಾದ ಮಾಡ್ತಾರೋ ಅವ್ರು ಗುಟ್ಟು ಹೇಳಿದ್ರ, ಅದನ್ನ ವಕೀಲರು ಹೊರಗ ಹೇಳಬಹುದೇನು?”

“ಹೇಳಂಗಿಲ್ಲ.”

“ಹೇಳದಿದ್ರ ಬ್ಯಾರೆಯವ್ರಿಗೆ ಶಿಕ್ಷೆ ಆದ್ರ?”

ಅತ್ತೆ ಅವಳ ಮುಖವನ್ನೇ ನೋಡಿದಳು. “ಕ್ಲಾಸಿನ್ಯಾಗ ಈ ಪ್ರಶ್ನಿ ಬಂದ ದಿನ ರಾತ್ರಿ ನಂಗೂ ನಿದ್ದಿ ಬಂದಿದ್ದಿಲ್ಲ ಮೌನಿ,” ಎಂದಳು ಮೆಲ್ಲಗೆ.

ಮೌನಿಕಾ ಮರದ ಹಿಂದಕ್ಕೆ ಮರಳಿದಳು. “ನಿನ್ನ ಗುಟ್ಟು ನಾ ಹೇಳಂಗಿಲ್ಲ. ನೀನ ಹೇಳಬೇಕು. ನಾ ನಿನ್ನ ಬಾಜೂಕ ನಿಂದರ್ತೀನಿ.”

“ಚುಕ್ಕಿನ್ನ ಮಾರಿಬಿಡ್ತಾನ ಅಪ್ಪ!”

“ಮಾರದಂಗ ಮಾತಾಡ್ತೀನಿ.”

“ಅಪ್ಪ ಕೇಳದಿದ್ರ?”

ಆಚೆ ಆಸೀಫನ ಅಳು ನಿಂತಿರಲಿಲ್ಲ. ನಾಗಲಕ್ಷ್ಮಿ ಒಂದಷ್ಟು ಹೊತ್ತು ಅದನ್ನೇ ಕೇಳಿಸಿಕೊಂಡಳು. ಆಮೇಲೆ ನೆಟ್ಟಗೆ ಹೋಗಿ ಎಲ್ಲರ ಎದುರು ನಿಂತಳು.

“ಖಾಲಾ, ಅವಂಗ ಬೈಬ್ಯಾಡ್ರಿ. ನಮ್ಮ ಚುಕ್ಕಿನ ತಿಂದೈತಿ. ಹಗ್ಗ ಬಿಚ್ಚಿದವಳು ನಾನು.”

ಹುಲಗಪ್ಪ ಹಲ್ಲು ಕಚ್ಚಿ ಬಂದವನೇ ಆಡಿನ ಹಗ್ಗಕ್ಕೆ ಕೈ ಹಾಕಿದ.

ಮಾತಾಡಬೇಕಾದ ಹೊತ್ತು ಇದೇ. ಮೌನಿಕಾ ಖಾಲಾಳ ಮುಂದೆ ಬಂದು ನಿಂತಳು. ಮೈ ಲಾರ್ಡ್ ನೆನಪಾಗಲಿಲ್ಲ, ಕೈ ಬೀಸುವುದೂ ನೆನಪಾಗಲಿಲ್ಲ.

“ಖಾಲಾ... ಹಗ್ಗ ಬಿಚ್ಚಿದ್ದು ಇವಳ ತಪ್ಪು. ಇವಳನ್ನ ಏನೂ ಕೇಳದ ವಾದ ಮಾಡಿದ್ದು ನಂದು. ಆಸೀಫಗ ಎಲ್ಲಾರ ಮುಂದ ಕಳ್ಳ ಅಂದವಳೂ ನಾನ. ಆಡಿಗೇನು ಗೊತ್ತಾಗ್ತೈತ್ರಿ, ಬಾಯಿ ಮುಂದಿದ್ದದ್ದು ತಿಂತು. ಶಾವಿಗಿ ನಾವಿಬ್ರೂ ಹೊಸೆದು ಕೊಡ್ತೀವಿ. ಒಣಗೂತನಕ ಬಿಸಲಾಗ ಕುಂತು ಕಾಯ್ತೀವಿ. ಚುಕ್ಕಿನ್ನ ಮಾರಬ್ಯಾಡಂತ ಕಾಕಾಗ ನೀವ ಹೇಳ್ರಿ.”

ಯಾರೂ ಚಪ್ಪಾಳೆ ತಟ್ಟಲಿಲ್ಲ. ಖಾಲಾ ಆಡನ್ನು ನೋಡಿದಳು, ಆಡು ಖಾಲಾಳನ್ನು ನೋಡಿತು.

“ಹಗ್ಗ ಬಿಡು ಹುಲಗಪ್ಪ,” ಎಂದಳು ಖಾಲಾ ಕೊನೆಗೆ. “ಆಡು ಮಾರಿದ್ರ ನನ್ನ ಶಾವಿಗಿ ತಿರುಗಿ ಬರ್ತಾವೇನು? ನಾಳೆ ಹಿಟ್ಟು ನಾದತೀನಿ. ಇಬ್ರೂ ಬರ್ರಿ. ಕೈ ನೋಯ್ತಾವ ಅಂದ್ರ ನಾ ಕೇಳಂಗಿಲ್ಲ!”

ಹುಲಗಪ್ಪ ಗೊಣಗುತ್ತಲೇ ಹಗ್ಗವನ್ನು ಮಗಳ ಕೈಗೆ ಕೊಟ್ಟ. ನಾಗಲಕ್ಷ್ಮಿ ಅಳುತ್ತಾ ನಗುತ್ತಾ ಚುಕ್ಕಿಯನ್ನು ಎಳೆದುಕೊಂಡು ಮನೆಗೆ ಓಡಿದಳು. ಜನ ಚದುರಿದರು. ಖಾಲಾ ಮೊಮ್ಮಗನ ಕೆಂಪಾದ ಕಿವಿ ಸವರಿ, “ಅಂಗಿ ಕೊಡಿಸ್ತೀನಿ, ಅಳಬ್ಯಾಡ,” ಎಂದು ಒಳಗೆ ಹೋದಳು. ಆದರೂ ಆಸೀಫ್ ಗೋಡೆಯ ಕಡೆ ಮುಖ ಮಾಡಿ ಕುಳಿತೇ ಇದ್ದ.

ಮೌನಿಕಾ ಹೋಗಿ ಅವನ ಪಕ್ಕದಲ್ಲಿ ನೆಲದ ಮೇಲೇ ಕುಳಿತಳು.

“ಆಸೀಫ್, ಏನಾತಂತ ನೀ ಹೇಳು. ನಾ ಕೇಳ್ತೀನಿ.”

ಆಸೀಫ್ ಮೂಗು ಒರೆಸಿಕೊಂಡ. ಗೋಲಿ ಆಡಲು ಯಾರು ಕರೆದರು ಎಂಬಲ್ಲಿಂದ ಶುರು ಮಾಡಿದ. ಬಲು ಉದ್ದದ ಕತೆ ಅದು, ನಡುನಡುವೆ ಮರೆತು ಮತ್ತೆ ಹಿಂದಕ್ಕೆ ಹೋಗುತ್ತಿದ್ದ. ಮೌನಿಕಾ ಒಮ್ಮೆಯೂ ಬಾಯಿ ಹಾಕದೆ, ಅವನು ಮುಗಿಸುವವರೆಗೂ ಕೇಳಿದಳು.