ಎಲೆ-ಅಡಿಕೆ ತೀರುವವರೆಗೆ

ಕಬ್ಬಿಣದ ಕೊಳವೆ ನನ್ನ ಗಂಟಲಿಗೆ ಒತ್ತಿತ್ತು. ಭತ್ತದ ಚೀಲಕ್ಕೆ ಚುಚ್ಚಿ ಕಾಳು ತೆಗೆಯುವ ಚೂಪು ಕೊಳವೆ.

ಚೀಲಕ್ಕೆ ನೋವಾಗುವುದಿಲ್ಲ. ನನಗಾಗುತ್ತಿತ್ತು!

“ಹೆಬ್ಬೆಟ್ಟ ಒತ್ತೋ ಮುದಕಾ!” ಎಂದ ರಾಜಕುಮಾರ. ಕಂಪ್ಯೂಟರ್ ಮಾರುವ ಡೀಲರ್.

ಅವನ ಕಾಗದದಿಂದ ತಪ್ಪಿಸಿಕೊಳ್ಳಲು ಬೆಳಿಗ್ಗೆ ತಡಸದಲ್ಲಿ ಬಸ್ಸಿನಿಂದ ಇಳಿದು ಓಡಿದ್ದೆ. ಎಪ್ಪತ್ತೆರಡರ ಕಾಲು... ಎಷ್ಟು ದೂರ? ಅವನ ಬೈಕಿಗೆ ಸಿಕ್ಕೆ. ಈಗ ಅಕ್ಕಿಆಲೂರಿನ ಅಕ್ಕಿ ಮಿಲ್ಲು, ತಗಡಿನ ಕೋಣೆ. ಊಟದ ಹೊತ್ತು, ಹೊರಗೆ ಯಾರೂ ಇಲ್ಲ. ಒಳಗಿನಿಂದ ಚಿಲಕ ಹಾಕಿದ್ದ. ಕೂಗು ಕೇಳಬಾರದೆಂದು ಕಿಟಕಿಯನ್ನೂ ಮುಚ್ಚಿದ್ದ.

ನಾನು ಗುದ್ಲೆಪ್ಪ. ಓದಿದ್ದು ಎರಡನೇ ಇಯತ್ತೆ. ಆದರೆ ಈ ಸೀಮೆಯ ಮಿಲ್ಲುಗಳಲ್ಲಿ ಯಾವ ಮಷೀನು ಛಲೋ ಎಂಬ ಜಗಳ ಬಂದರೆ ನಲವತ್ತು ವರ್ಷದಿಂದ ನಾನೇ ಪಂಚ. ನನ್ನ ಹೆಬ್ಬೆಟ್ಟು ಬಿದ್ದರೆ ಮಾತು ಮುಗಿಯಿತು.

ಮೂಲೆಯಲ್ಲಿ ಶಾಕೀರಾ ನಿಂತಿದ್ದಳು. ಅಕ್ಕಿ ಆರಿಸುವ ಮಷೀನು ನಡೆಸುವಾಕೆ. ಕ್ಯಾಮೆರಾ ಕಾಳು ನೋಡುತ್ತದೆ, ಕಂಪ್ಯೂಟರ್ ಕಪ್ಪು ಕಾಳು ಗುರುತಿಸುತ್ತದೆ, ಗಾಳಿ ಊದಿ ಹೊರಗೆ ಹಾಕುತ್ತದೆ. ಕಂಪ್ಯೂಟರ್ ತಡ ಮಾಡಿದರೆ ಕಪ್ಪು ಕಾಳು ಚೀಲ ಸೇರುತ್ತದೆ. ರಾಜಕುಮಾರನ ಹೊಸ ಕಂಪ್ಯೂಟರ್ ಪೆಟ್ಟಿಗೆ ಬಂದಮೇಲೆ ದಿನಾ ಸೇರುತ್ತಿತ್ತು!

‘ಪೆಟ್ಟಿಗೆ ವೇಗವಾಗಿದೆ. ತಪ್ಪು ಶಾಕೀರಾಳದು.’ ಕಾಗದದಲ್ಲಿದ್ದದ್ದು ಇಷ್ಟೇ. ಒತ್ತಿದರೆ ಅವಳ ಕೆಲಸ ಹೋಯಿತು.

“ಮುಂಜಾನೆ ಛಲೋ ನಡಿತೈತ್ರಿ ಅಜ್ಜಾರ. ಬಿಸಲ ಏರಿದ ಮ್ಯಾಲ ಮಂಕ ಬಡಿತೈತಿ,” ಎಂದಳು.

“ಏ, ಬಾಯಿ ಮುಚ್ಚ! ನಂಬರ್ ನೋಡೋ ಮುದಕಾ!”

ಹೊಸ ಪೆಟ್ಟಿಗೆಗೂ ಪಕ್ಕದಲ್ಲಿದ್ದ ಹಳೆಯದಕ್ಕೂ ವೇಗದ ಟೆಸ್ಟ್ ಒತ್ತಿದ. ಅರ್ಧ ನಿಮಿಷ. ಹೊಸದರ ಪರದೆಯ ಮೇಲೆ ವೇಗದ ಅಂಕಿ ಒಂಬತ್ತು ಸಾವಿರ!

“ಹಳೇ ಪೆಟ್ಟಿಗಿಗೆ ಬರೇ ಆರು ಸಾವಿರ. ಪ್ರೊಸೆಸರ್ ಅಂದ್ರ ಇದು!”

ಅರ್ಧ ನಿಮಿಷ...

ಬಹಳ ಹಿಂದೆ ಮಷೀನು ಮಾರಲು ಬಂದವನೊಬ್ಬ ತನ್ನದೇ ಒಣ ಭತ್ತ ತಂದಿದ್ದ. ಅವನ ಭತ್ತಕ್ಕೆ ಅವನ ಮಷೀನೇ ಗೆದ್ದಿತು. ನಮ್ಮ ಹಸಿ ಭತ್ತ ಸುರಿದೆವು. ಕೆಮ್ಮಿ ನಿಂತಿತು. ಅಂದೇ ನಾನೊಂದು ಪದ್ಧತಿ ಮಾಡಿದ್ದೆ.

“ಒತ್ತತೇನಿ,” ಎಂದೆ. “ಆದ್ರ ಎಲಿ-ಅಡಿಕಿ ಹಾಕ್ಕೋತೇನಿ. ಅದು ತೀರೂತನಕ ಎರಡೂ ಪೆಟ್ಟಿಗಿ ಓಡ್ತಾ ಇರಬೇಕು. ಉಗುಳಿದ ಮ್ಯಾಲ, ಮಿಲ್ ಸಾವಕಾರ ಉಡಚಪ್ಪನವರ ಎದುರಿಗೆ ಹೆಬ್ಬೆಟ್ಟ. ಎಲಿ ತೀರೂತನಕ ಓಡಿತೇನು ಅಂತ ಅವರು ಮೊದಲ ಕೇಳ್ತಾರ.”

ಈ ಪದ್ಧತಿ ಅವನಿಗೂ ಗೊತ್ತಿತ್ತು. ಕೊಳವೆ ಇಳಿಸಿದ.

“ಲಗೂನ ಅಗಿ!”

ನನಗಿರುವುದು ನಾಲ್ಕೇ ಹಲ್ಲು. ಅಗಿದೆ...

ಹೊಸದು ಒಂಬತ್ತು ಸಾವಿರ. ಹಳೆಯದು ಆರು.

ತಗಡು ಕಾದಿತ್ತು. ಬೆವರು ಕಣ್ಣಿಗಿಳಿಯಿತು. ಹೊಸ ಪೆಟ್ಟಿಗೆಯೊಳಗಿನ ಫ್ಯಾನು ಕಿರುಚತೊಡಗಿತು.

ಏಳು ಸಾವಿರ. ಹಳೆಯದು ಆರು.

ಪೆಟ್ಟಿಗೆಗೆ ಗಾಳಿ ಬರಲೆಂದು ರಾಜಕುಮಾರ ಕಿಟಕಿಗೆ ಕೈ ಹಾಕಿದ.

“ತಗೀರಿ... ನಾ ಚೀರ್ತೇನಿ!” ಎಂದಳು ಶಾಕೀರಾ.

ಕೈ ಅಲ್ಲೇ ನಿಂತಿತು. ಈಗ ಕೋಣೆಯಲ್ಲಿ ಸಿಕ್ಕಿಬಿದ್ದವರು ಮೂವರು!

“ಟೆಸ್ಟ್ ಬಂದ್ ಮಾಡ್ತೇನಿ!”

“ಮಾಡಪಾ. ನಾ ಹೊಸ ಎಲಿ ಹಾಕ್ಕೋತೇನಿ, ಟೆಸ್ಟ್ ಮತ್ತ ಮೊದಲಿಂದ.”

ಐದು ಸಾವಿರ... ನಾಲ್ಕು! ಹಳೆಯದು ಅದೇ ಆರು.

ಬಾಗಿಲು ದಡದಡ ಎಂದಿತು.

“ಯಾರ ಅದೀರಿ ಒಳಗ?” ಉಡಚಪ್ಪನ ದನಿ.

“ನಾ ಗುದ್ಲೆಪ್ಪರಿ! ಟೆಸ್ಟ್ ನಡದೈತಿ!”

ಕೊಳವೆ ಬೆನ್ನ ಹಿಂದೆ ಅಡಗಿಸಿ ರಾಜಕುಮಾರ ಚಿಲಕ ತೆಗೆದ. ಉಡಚಪ್ಪ ಎರಡೂ ಪರದೆ ನೋಡಿದ. ನನ್ನ ಗಂಟಲಿನ ಗುರುತನ್ನೂ ನೋಡಿದ.

“ಯಾವುದು ಫಾಸ್ಟ್ ಕಾಕಾ?”

“ಎಷ್ಟ ಹೊತ್ತು ಓಡಿಸಿ? ಎಲ್ಲಿ ಇಟ್ಟು?” ಎಂದೆ.

“ಮೊದಲ ಒಂಬತ್ತು ಸಾವಿರ ಬಂದಿತ್ರಿ ಸಾವಕಾರ್ರ!” ರಾಜಕುಮಾರ ಕಾಗದ ಚಾಚಿದ.

“ಖರೇ ಐತಿ,” ಎಂದೆ. ಶಾಕೀರಾಳ ಮೇಲೆ ತಪ್ಪು ಹೊರಿಸಿದ ಸಾಲಿನ ಮೇಲೆ ಸರಿಯಾಗಿ ಉಗುಳಿದೆ. ‘ಪೆಟ್ಟಿಗೆ ವೇಗವಾಗಿದೆ’ ಎಂಬ ಉಳಿದ ಸಾಲಿನ ಪಕ್ಕದಲ್ಲಿ ಅವಳ ಕೈಯಿಂದಲೇ ಬರೆಸಿದೆ: ‘ತಂಪು ಕೋಣೆಯಲ್ಲಿ, ಅರ್ಧ ನಿಮಿಷ ಮಾತ್ರ.’

ಮಸಿ ಬೇಕಾಗಲಿಲ್ಲ. ಹೆಬ್ಬೆಟ್ಟನ್ನು ಆ ಕೆಂಪಿನಲ್ಲೇ ಅದ್ದಿದೆ.