ಗೋಡೆ ಕಡೆಯ ತೂತು

ಯುದ್ಧನೌಕೆಯ ಹೊಟ್ಟೆಯಲ್ಲಿ ತೂತು ಬಿದ್ದಿತ್ತು. ಕಿರುಬೆರಳು ಸಲೀಸಾಗಿ ಹೋಗುವಷ್ಟು ದೊಡ್ಡದು. ಬೆರಳು ಹಾಕಿ ನೋಡಿದವಳು ಕ್ಯಾಪ್ಟನ್‌ನ ಹೆಂಡತಿ. ಹಾಕಿದ ಬೆರಳನ್ನು ಹೊರಗೆ ತೆಗೆಯುವುದನ್ನೂ ಮರೆತು ಅವಳು ಕೂಗಿಕೊಂಡಳು.

ಮರುದಿನ ಮಾದರಿ ಹಡಗುಗಳ ಪ್ರದರ್ಶನ. ಹಡಗನ್ನು ಪೆಟ್ಟಿಗೆಯಲ್ಲಿ ಇಡುವ ಮೊದಲು ಹಳೆಯ ಬೆಡ್‌ಶೀಟು ಸುತ್ತೋಣ ಎಂದು ಅವಳು ಅದನ್ನು ಮೆಲ್ಲಗೆ ತಿರುಗಿಸಿದ್ದಳು. ತೂತು ಇದ್ದದ್ದು ಗೋಡೆಯ ಕಡೆಗಿದ್ದ ಬಲ ಮಗ್ಗುಲಲ್ಲಿ.

ಕೂಗು ಕೇಳಿ ಕ್ಯಾಪ್ಟನ್ ಟಾರ್ಚು ಹಿಡಿದು ಓಡಿಬಂದ. ತೂತು ನೋಡಿದ. ಹೆಂಡತಿಯ ಮುಖ ನೋಡಿದ. ಬೆವರಿದ. ಆಮೇಲೆ, ಯಾರೋ ನನ್ನ ಹಡಗನ್ನ ಕೊಂದುಬಿಟ್ಟರು ಎನ್ನುತ್ತಾ ಕುರ್ಚಿಗೆ ಕುಸಿದ.

ಕ್ಯಾಪ್ಟನ್ ಎಂದರೆ ನಿಜವಾದ ಕ್ಯಾಪ್ಟನ್ ಅಲ್ಲ. ಕೆರೆಯ ದೋಣಿ ಹತ್ತಿದರೂ ಹೊಟ್ಟೆ ತೊಳಸುವ ಆಸಾಮಿ. ನೀರು ಸರಬರಾಜು ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತನಾದವನು. ನೀರಿಗೂ ಅವನಿಗೂ ಇದ್ದ ನಂಟು ಅಷ್ಟೇ. ಆದರೆ ಹಿಂದಿನ ಕೋಣೆಯಲ್ಲಿ ಮೂರು ಹಾಯಿಕಂಬಗಳ ಯುದ್ಧನೌಕೆಯೊಂದನ್ನು ವರ್ಷಗಟ್ಟಲೆ ಕೂತು ಕಟ್ಟಿದ್ದ. ಬೆಂಕಿಕಡ್ಡಿಗಿಂತ ಸಪೂರ ಹಲಗೆಗಳು, ಸಾಲಾಗಿ ಫಿರಂಗಿ ಕಿಂಡಿಗಳು, ಕಿಂಡಿಗಳ ಗುಂಟ ಹಳದಿ ಪಟ್ಟೆ. ಆ ಪಟ್ಟೆ ನೋಡಿಯೇ ಬೀದಿಯವರು ಅವನಿಗೆ ಕ್ಯಾಪ್ಟನ್ ಎಂದು ಹೆಸರಿಟ್ಟದ್ದು.

ಪೊಲೀಸರಿಗೆ ಹೇಳುವುದು ಬೇಡ ಎಂದು ಅವನು ಗೋಗರೆದ. ಪೊಲೀಸರಿಗೆ ಯಾಕೆ, ನಮ್ಮಕ್ಕ ಇಲ್ಲವಾ ಎಂದು ಹೆಂಡತಿ ಫೋನು ಎತ್ತಿಕೊಂಡಳು. ಕ್ಯಾಪ್ಟನ್ ತಲೆಯ ಮೇಲೆ ಕೈ ಹೊತ್ತುಕೊಂಡ.

* * *

ಅಕ್ಕ ಇನ್‌ಸ್ಪೆಕ್ಟರ್ ಆಗಿ ನಿವೃತ್ತಳಾಗಿ ಬಹಳ ದಿನವೇನೂ ಆಗಿರಲಿಲ್ಲ. ಕೈಯಲ್ಲಿ ಕೇಸಿಲ್ಲದೆ ಅವಳು ಮಂಕಾಗಿದ್ದಳು. ಮನೆಯಲ್ಲಿ ಸಕ್ಕರೆ ಡಬ್ಬಿಯ ಮುಚ್ಚಳ ಸಡಿಲವಾಗಿದ್ದರೂ ಗಂಡನ ಹೇಳಿಕೆ ತೆಗೆದುಕೊಳ್ಳುವ ಮಟ್ಟಕ್ಕೆ ಬಂದಿದ್ದಳು. ತೂತಿನ ಸುದ್ದಿ ಕೇಳಿ ಅವಳಿಗೆ ಹೋದ ಜೀವ ಬಂದಂತಾಯಿತು. ಆಟೋ ಹಿಡಿದು ಬಂದಳು.

ಮೊದಲು ಕೋಣೆಯ ಬಾಗಿಲು, ಆಮೇಲೆ ಕಿಟಕಿ, ಆಮೇಲೆ ಕಸದ ಬುಟ್ಟಿ. ಕೊನೆಗೆ ಹಡಗು. ಭೂತಗನ್ನಡಿ ಹಿಡಿದು ತೂತನ್ನು ಸುತ್ತುಮುತ್ತ ನೋಡುತ್ತಾ ಕಿವಿಯ ಕೆಂಪು ಹರಳಿನ ಓಲೆಯನ್ನು ಬೆರಳಲ್ಲಿ ತಿರುಗಿಸಿದಳು. ಯೋಚನೆ ಹತ್ತಿದಾಗ ಅವಳ ಕೈ ಹೋಗುವುದೇ ಅಲ್ಲಿಗೆ. ಠಾಣೆಯಲ್ಲಿ ಅವಳ ಓಲೆ ತಿರುಗಲು ಶುರುವಾದರೆ ಕಳ್ಳರಿಗೆ ಕೈಕಾಲು ನಡುಗುತ್ತಿತ್ತಂತೆ. ಹಾಗೆಂದು ಹೇಳುತ್ತಿದ್ದವಳೂ ಅವಳೇ.

"ಯಾರ ಮೇಲಾದ್ರೂ ಅನುಮಾನ ಇದೆಯಾ ಕ್ಯಾಪ್ಟನ್?" ಎಂದಳು.

ಎದುರುಮನೆಯ ಹಲ್ಲಿನ ಡಾಕ್ಟರು ಎಂದು ಕ್ಯಾಪ್ಟನ್ ಥಟ್ಟನೆ ಹೇಳಿದ. ಅವನದೂ ಒಂದು ಹಡಗು ಪ್ರದರ್ಶನಕ್ಕಿದೆ. ಅವನ ಹೊಟ್ಟೆಕಿಚ್ಚು ಊರಿಗೇ ಗೊತ್ತು. ಮೇಲಾಗಿ ಅವನ ಹತ್ತಿರ ಡ್ರಿಲ್ಲು ಇದೆ.

"ಡಾಕ್ಟರು ಯಾಕೆ?" ಎಂದಳು ಅಕ್ಕನ ತಂಗಿ, ಕ್ಯಾಪ್ಟನ್‌ನ ಹೆಂಡತಿ. ಅವಳ ಮುಖ ಕೆಂಪಾಗಿತ್ತು. "ಈ ಮನೆಗೆ ಗೊತ್ತಿರೋ ಕಳ್ಳಿ ಒಬ್ಬಳಿದ್ದಾಳಲ್ಲ. ಅಮ್ಮ ಕೊಟ್ಟ ಓಲೆ ಕದ್ದವಳಿಗೆ ಹಡಗು ಕೊರೆಯೋದು ಯಾವ ಮಹಾ?"

ಅವಳು ಹೇಳಿದ್ದು ನಾದಿನಿಯ ವಿಷಯ. ಕ್ಯಾಪ್ಟನ್‌ನ ಒಬ್ಬಳೇ ತಂಗಿ. ಅಂಗಡಿಗಳಿಗೆ ಬೋರ್ಡು ಬರೆಯುವುದು ಅವಳ ಕಸುಬು. ಪ್ರತಿ ಭಾನುವಾರ ಬಂದು ಅಣ್ಣನ ಪಕ್ಕ ಕೂತು ಹಡಗಿಗೆ ಬಣ್ಣ ಹಚ್ಚುತ್ತಿದ್ದಳು. ಅತ್ತಿಗೆ ನಾದಿನಿ ಇಬ್ಬರೂ ಅಡುಗೆಮನೆಯಲ್ಲಿ ನಕ್ಕರೆ ಬೀದಿಗೆ ಕೇಳುತ್ತಿತ್ತು. ಎರಡು ವರ್ಷದ ಹಿಂದೆ ಒಂದು ಭಾನುವಾರ ಅತ್ತಿಗೆಯ ಕೆಂಪು ಹರಳಿನ ಓಲೆಯ ಜೋಡಿಯಲ್ಲಿ ಒಂದು ಕಾಣೆಯಾಯಿತು. ಅಮ್ಮ ತನ್ನ ಇಬ್ಬರು ಹೆಣ್ಣುಮಕ್ಕಳಿಗೂ ಒಂದೇ ಥರ ಮಾಡಿಸಿಕೊಟ್ಟ ಓಲೆ. ಆ ದಿನ ಮನೆಗೆ ಬಂದಿದ್ದವಳು ನಾದಿನಿ ಒಬ್ಬಳೇ. ಮಾತಿಗೆ ಮಾತು ಬೆಳೆಯಿತು. ಅಂದಿನಿಂದ ಅವಳು ಈ ಮನೆಯ ಹೊಸ್ತಿಲು ತುಳಿದಿರಲಿಲ್ಲ.

"ಅವಳಲ್ಲ," ಎಂದ ಕ್ಯಾಪ್ಟನ್. "ಖಂಡಿತ ಅವಳಲ್ಲ. ಅವಳನ್ನ ಇದಕ್ಕೆ ಎಳೀಬೇಡಿ."

ಅಕ್ಕನ ಬೆರಳು ಓಲೆಯ ಮೇಲೆ ನಿಂತಿತು. ಡಾಕ್ಟರನ್ನು ಗಲ್ಲಿಗೇರಿಸಲು ತುದಿಗಾಲಲ್ಲಿ ನಿಂತಿದ್ದ ಮನುಷ್ಯ, ತನ್ನ ತಂಗಿಯ ಹೆಸರು ಬಂದಕೂಡಲೇ ಇಷ್ಟು ಖಂಡಿತ ಹೇಗೆ ಹೇಳಿದ? ಅವಳು ಕಸದ ಬುಟ್ಟಿಯಿಂದ ಒಂದು ತುಂಡು ತಂತಿ ಎತ್ತಿಕೊಂಡು ಕರವಸ್ತ್ರದಲ್ಲಿ ಸುತ್ತಿ ಎದುರುಮನೆಗೆ ಹೊರಟಳು.

* * *

ಹಲ್ಲಿನ ಡಾಕ್ಟರು ರೋಗಿಯ ಬಾಯಿಗೆ ಹತ್ತಿ ತುರುಕಿ ಹೊರಗೆ ಬಂದ. ಕ್ಯಾಪ್ಟನ್ ಹಡಗಿಗೆ ತೂತು ಎಂದು ಕೇಳಿದ್ದೇ ಅವನ ಮುಖ ಅರಳಿತು. ಕೂಡಲೇ ಅದನ್ನು ಅಡಗಿಸಿಕೊಂಡು ಸಂತಾಪ ಸೂಚಿಸಿದ. ಬೆಳಿಗ್ಗೆಯಿಂದ ಕ್ಲಿನಿಕ್ಕು ಬಿಟ್ಟು ಕದಲಿಲ್ಲ ಎಂದ. ಹೊರಗೆ ಬೆಂಚಿನ ಮೇಲೆ ದವಡೆ ಹಿಡಿದು ಕೂತಿದ್ದವರೆಲ್ಲ ಹೌದೆಂದು ನರಳಿದರು.

"ನಿಮ್ಮ ಡ್ರಿಲ್ಲು?"

"ನನ್ನ ಡ್ರಿಲ್ಲು ಆಗಿದ್ರೆ ಮರದ ಅಂಚು ಸುಟ್ಟು ಕಪ್ಪಾಗ್ತಿತ್ತು ಮೇಡಂ. ಅಷ್ಟು ವೇಗ ಅದಕ್ಕೆ. ಕಪ್ಪಾಗಿದೆಯಾ?"

ಕಪ್ಪಾಗಿರಲಿಲ್ಲ. ಅಂಚು ಬೆಣ್ಣೆಯಷ್ಟು ನುಣುಪಾಗಿತ್ತು. ಹಾಗಾದರೆ ಕೈಯಿಂದ ತಿರುಗಿಸುವ ಬೈರಿಗೆಯ ಕೆಲಸ, ತಾಳ್ಮೆಯಿಂದ ಮಾಡಿದ್ದು ಎಂದು ಡಾಕ್ಟರು ತೀರ್ಪು ಕೊಟ್ಟ. ಹಲ್ಲು ಕೊರೆಯುವವನ ಮಾತನ್ನು ಈ ವಿಷಯದಲ್ಲಿ ತೆಗೆದುಹಾಕುವಂತಿರಲಿಲ್ಲ. ಅಕ್ಕನಿಗೆ ಸ್ವಲ್ಪ ಬೇಜಾರಾಯಿತು. ಅವನ ಮುಖ ನೋಡಿದರೆ ಒಳಗೆ ಹಾಕಬೇಕು ಅನ್ನಿಸುವಂತಿತ್ತು.

ಕಾಗದಕ್ಕೆ ಸಹಿ ಮಾಡಿಸುವಂಥ ಗತ್ತಿನಲ್ಲಿ, ಬಾಯೊಳಗೆ ನೋಡುವ ಪುಟ್ಟ ಕನ್ನಡಿ ತೆಗೆದುಕೊಂಡು ಸಂಜೆ ಎದುರುಮನೆಗೆ ಬರಬೇಕೆಂದು ಅವನಿಗೆ ಅಪ್ಪಣೆ ಕೊಟ್ಟಳು. ರಸ್ತೆಯಲ್ಲಿ ನಿಂತು ನಾದಿನಿಗೆ ಫೋನು ಮಾಡಿದಳು. ನಾದಿನಿ ಬರಲಾರೆ ಎಂದಳು. ಇದು ತನಿಖೆ, ಬಾರದಿದ್ದರೆ ನಾನೇ ಬಂದು ಕರೆದೊಯ್ಯುತ್ತೇನೆ ಎಂದಳು ಅಕ್ಕ. ಹಾಗೆ ಕರೆದೊಯ್ಯುವ ಅಧಿಕಾರ ಅವಳಿಗೆ ಈಗ ಇರಲಿಲ್ಲ. ಅದು ನಾದಿನಿಗೆ ಗೊತ್ತಿರಲಿಲ್ಲ.

* * *

ಸಂಜೆ ಹಿಂದಿನ ಕೋಣೆಯಲ್ಲಿ ಎಲ್ಲರೂ ಸೇರಿದರು. ಹಡಗು ಮೇಜಿನ ನಡುವೆ. ಕ್ಯಾಪ್ಟನ್ ಕುರ್ಚಿಯಲ್ಲಿ, ಇಂಗು ತಿಂದ ಮಂಗನ ಹಾಗೆ. ಡಾಕ್ಟರು ಕಿಟಕಿಯ ಬಳಿ, ಸಿನಿಮಾ ನೋಡಲು ಬಂದವನ ಹಾಗೆ. ತಂಗಿ ಗೋಡೆ ನೋಡುತ್ತಿದ್ದಳು, ಯಾಕೆಂದರೆ ನಾದಿನಿ ಬಂದಿದ್ದಳು. ಬಂದಿದ್ದಳು ಅಷ್ಟೇ, ಒಳಗೆ ಕಾಲಿಟ್ಟಿರಲಿಲ್ಲ. ಉಗುರಲ್ಲಿ ನೀಲಿ ಬಣ್ಣ ಮೆತ್ತಿಕೊಂಡು ಹೊಸ್ತಿಲಾಚೆಗೆ ನಿಂತಿದ್ದಳು. ಕರೆದದ್ದಕ್ಕೆ ಬಂದಿದ್ದೇನೆ, ಒಳಗೆ ಬಾ ಎಂದವರು ಯಾರೂ ಇಲ್ಲ ಎಂಬಂತಿತ್ತು ಆ ನಿಲುವು.

ಅಕ್ಕ ಗಂಟಲು ಸರಿಮಾಡಿಕೊಂಡಳು. ಈ ಗಳಿಗೆಗೋಸ್ಕರ ಅವಳು ನಿವೃತ್ತಿಯ ದಿನದಿಂದ ಕಾದಿದ್ದಳು.

"ಹಡಗು ಹಾಳುಮಾಡೋಕೆ ಬಂದವನು ಯಾವ ಕಡೆ ಕೊರೀತಾನೆ?" ಎಂದು ಶುರುಮಾಡಿದಳು. "ಜನ ನೋಡೋ ಕಡೆ. ಕ್ಯಾಪ್ಟನ್ ಯಾವಾಗಲೂ ಎಡ ಮಗ್ಗುಲನ್ನೇ ಜನಕ್ಕೆ ತೋರಿಸೋದು. ಬಲ ಮಗ್ಗುಲು ಗೋಡೆಗೆ. ಯಾಕೆ?"

ಹೊಸ್ತಿಲಾಚೆಗಿದ್ದವಳ ಹೊರತು ಯಾಕೆಂದು ಉಳಿದವರಿಗೆಲ್ಲ ಗೊತ್ತಿತ್ತು. ಎಡಗಡೆಯ ಹಳದಿ ಪಟ್ಟೆ ಎಳೆದವಳು ನಾದಿನಿ, ಬರಿಗೈಯಲ್ಲಿ, ಮೂತಿಯಿಂದ ಬಾಲದವರೆಗೆ ಒಂದೇ ಉಸಿರಲ್ಲಿ. ಬಲಗಡೆಯದನ್ನು ಎಳೆಯುವ ಮೊದಲೇ ಜಗಳವಾಯಿತು. ಅದನ್ನು ಕ್ಯಾಪ್ಟನ್ ಒಬ್ಬನೇ ಟೇಪು ಅಂಟಿಸಿಕೊಂಡು ಎಳೆದ. ಪಟ್ಟೆ ಫಿರಂಗಿ ಕಿಂಡಿಯಿಂದ ಕಿಂಡಿಗೆ ಕುಡಿದವನ ಹಾಗೆ ತೂರಾಡಿಕೊಂಡು ಹೋಗಿತ್ತು.

ಅಂದರೆ ಕೊರೆದವನಿಗೆ ಆ ಒಳ್ಳೆಯ ಮಗ್ಗುಲನ್ನು ಮುಟ್ಟಲು ಮನಸ್ಸು ಬರಲಿಲ್ಲ ಎಂದಳು ಅಕ್ಕ. ಅಷ್ಟೇ ಅಲ್ಲ. ತೂತಿನ ಸುತ್ತ ನಾಲ್ಕು ಮೂಲೆಯಲ್ಲಿ ಟೇಪಿನ ಅಂಟು ಉಳಿದಿತ್ತು. ಕೊರೆಯುವಾಗ ಬಣ್ಣ ಏಳಬಾರದು ಎಂದು ಯಾರೋ ಟೇಪು ಹಾಕಿ ಕೊರೆದಿದ್ದರು. ಮೇಜಿನ ಮೇಲೆ ಮರದ ಪುಡಿ ಒಂದು ಚಿಟಿಕೆಯೂ ಇರಲಿಲ್ಲ, ಬ್ರಷ್ಷಿನಿಂದ ಗುಡಿಸಿಟ್ಟಿದ್ದರು.

"ಇಪ್ಪತ್ತೆಂಟು ವರ್ಷ ಸರ್ವಿಸು ಮಾಡಿದೀನಿ. ಕೊಲೆ ಮಾಡೋಕೆ ಬಂದವನು ಹೆಣಕ್ಕೆ ನೋವಾಗದ ಹಾಗೆ ನೋಡ್ಕೊಂಡಿದ್ದು ಇದೇ ಮೊದಲು."

ಡಾಕ್ಟರಿಗೆ ನಗು ಬಂತು. ಕ್ಯಾಪ್ಟನ್‌ಗೆ ಕೆಮ್ಮು ಬಂತು.

ಅಕ್ಕ ಕರವಸ್ತ್ರ ಬಿಚ್ಚಿ ತಂತಿ ತೋರಿಸಿದಳು. ಅದರ ತುದಿಯಲ್ಲಿ ಜೇನುಮೇಣದ ಉಂಡೆ. ಹಡಗಿನ ಹಗ್ಗದ ದಾರ ತೀಡಲು ಕ್ಯಾಪ್ಟನ್ ಇಟ್ಟುಕೊಂಡಿದ್ದ ಮೇಣ. ಬಾವಿಗೆ ಬಿದ್ದ ಕೊಡ ಎತ್ತುವ ಹಾಗೆ, ತೂತಿನಿಂದ ಇದನ್ನು ಇಳಿಸಿ ಒಳಗಿನ ಏನನ್ನೋ ಅಂಟಿಸಿ ಎತ್ತಲು ನೋಡಿದ್ದಾರೆ. ಮೇಲುಗಡೆ ಹಗ್ಗಗಳ ಬಲೆ, ಒಳಗನ್ನು ಮುಚ್ಚುವ ಅಟ್ಟಕ್ಕೆ ಅಂಟು ಹಾಕಿದೆ, ಕೈ ಹೋಗುವುದಿಲ್ಲ. ಆದ್ದರಿಂದ ಹೊಟ್ಟೆಗೇ ಕೊರೆದಿದ್ದಾರೆ. ಆದರೆ ಒಳಗಿನದು ಸಿಕ್ಕಲಿಲ್ಲ. ಕತ್ತಲಲ್ಲಿ ಕಾಣಲಿಲ್ಲ. ಬೆಳಕು ಬೇಕಾಯಿತು.

"ಹಾಡುಹಗಲಲ್ಲಿ ಟಾರ್ಚು ಹಿಡ್ಕೊಂಡು ಎಲ್ಲಿಂದ ಓಡಿಬಂದ್ರಿ ಕ್ಯಾಪ್ಟನ್?"

ತಂಗಿ ಗೋಡೆಯಿಂದ ಮುಖ ತಿರುಗಿಸಿ ಗಂಡನನ್ನು ನೋಡಿದಳು.

"ಡಾಕ್ಟ್ರೇ, ನಿಮ್ಮ ಕೆಲಸ ಶುರುಮಾಡಿ," ಎಂದಳು ಅಕ್ಕ.

ಡಾಕ್ಟರು ಹಡಗಿನ ಮುಂದೆ ಬಾಗಿದ. ರೂಢಿ ಬಿಡಬೇಕಲ್ಲ, ಸ್ವಲ್ಪ ಬಾಯಿ ತೆಗೀರಿ ಎಂದು ಹಡಗಿಗೇ ಹೇಳಿ, ನಾಲಗೆ ಕಚ್ಚಿಕೊಂಡ. ಕನ್ನಡಿ ಒಳಗೆ ಹೋಯಿತು. ಅಕ್ಕ ಟಾರ್ಚು ಹಿಡಿದಳು. ಅವನು ಎಡಕ್ಕೆ ನೋಡಿದ, ಬಲಕ್ಕೆ ನೋಡಿದ, ಹಿಂದಿನ ಕಡೆಗೆ ತಿರುಗಿಸಿದ.

"ಕೊನೇಲಿ, ಒಳಮೂಲೆಲಿ ಏನೋ ಕೆಂಪಗೆ ಹೊಳೀತಿದೆ." ತಲೆ ಎತ್ತಿ ಅಕ್ಕನ ಮುಖ ನೋಡಿದ. "ನಿಮ್ಮ ಕಿವೀಲಿರೋ ಥರದ್ದೇ ಮೇಡಂ."

ಅಕ್ಕ ಹಡಗನ್ನು ಎರಡೂ ಕೈಯಲ್ಲಿ ಎತ್ತಿ, ಮೂತಿ ಕೆಳಗೆ ಮಾಡಿ, ಮಗು ತೂಗಿದಂತೆ ಅಲ್ಲಾಡಿಸಿದಳು. ಒಳಗೆ ಟಿಣ್ ಎಂದಿತು. ತೂತಿನ ಕಡೆಗೆ ವಾಲಿಸಿದಳು. ಟಿಣ್, ಟಿಣ್. ಕೆಂಪು ಹರಳಿನ ಓಲೆ ಮೇಜಿನ ಮೇಲೆ ಬಿದ್ದು, ಉರುಳಿ, ಬಣ್ಣದ ಡಬ್ಬಿಗೆ ತಾಗಿ ನಿಂತಿತು.

* * *

ಕ್ಯಾಪ್ಟನ್ ಎಲ್ಲವನ್ನೂ ಒಪ್ಪಿಕೊಂಡ. ಆ ಭಾನುವಾರ ಹಡಗಿನ ಹಿಂಬದಿಗೆ ಲಾಂದ್ರ ಬೇಕಿತ್ತು. ಹೆಂಡತಿ ಸ್ನಾನಕ್ಕೆ ಹೋಗುವಾಗ ಕಳಚಿಟ್ಟ ಓಲೆ ಕಣ್ಣಿಗೆ ಬಿತ್ತು. ಆ ಕೆಂಪು ಹೇಗೆ ಕಾಣುತ್ತದೆ ನೋಡೋಣ ಎಂದು ಹಿಂಬದಿಯ ಮೇಲೆ ಇಟ್ಟು ಎರಡು ಹೆಜ್ಜೆ ಹಿಂದೆ ಸರಿದ. ಮತ್ತೆ ನೋಡಿದರೆ ಓಲೆ ಇರಲಿಲ್ಲ. ನೆಲವೆಲ್ಲ ತಡಕಿದ, ಸಿಗಲಿಲ್ಲ. ಹಡಗಿಗೆ ಆಗ ಅಟ್ಟ ಹಾಕಿರಲಿಲ್ಲ; ಅದು ಒಳಗೆ ಬಿದ್ದು ಹಸಿ ಅಂಟಿಗೆ ಕಚ್ಚಿಕೊಂಡಿತ್ತು, ಅವನಿಗೆ ಹೊಳೆಯಲಿಲ್ಲ. ಹೇಳೋಣ ಎನ್ನುವಷ್ಟರಲ್ಲಿ ಮನೆಯಲ್ಲಿ ಜಗಳದ ಬೆಂಕಿ ಹತ್ತಿತ್ತು. ಆಮೇಲೆ ಹೇಳಲು ಬಾಯಿ ಬರಲಿಲ್ಲ. ಮೊನ್ನೆ ಹಡಗು ಎತ್ತಿದಾಗ, ಒಣಗಿದ ಅಂಟು ಬಿಟ್ಟು, ಒಳಗೆ ಟಿಣ್ ಎಂದಿತು. ಓಲೆ ತೆಗೆದು ಬೀರುವಿನ ಹಿಂದೆ ಹಾಕಿ, ಸಿಕ್ಕಿತು ನೋಡು ಎಂದು ಕುಣಿಯೋಣ ಎಂದುಕೊಂಡಿದ್ದ.

"ಎರಡು ವರ್ಷ," ಎಂದಳು ತಂಗಿ. "ನಾನು ಅವಳನ್ನ ಕಳ್ಳಿ ಅಂತಿದ್ರೆ ನೀವು ಕೇಳ್ಕೊಂಡು ಕೂತಿದ್ರಿ."

ಕ್ಯಾಪ್ಟನ್ ಅಕ್ಕನ ಕಡೆ ನೋಡಿದ. ಅಕ್ಕನೂ ಅವನನ್ನು ಕಾಪಾಡಲು ಹೋಗಲಿಲ್ಲ.

ತಂಗಿ ಓಲೆ ಎತ್ತಿಕೊಂಡಳು. ಕಿವಿಗೆ ಹಾಕಿಕೊಳ್ಳಲಿಲ್ಲ, ಮುಷ್ಟಿಯಲ್ಲೇ ಹಿಡಿದು ಬಾಗಿಲಿಗೆ ಹೋದಳು. ಕಳ್ಳಿ ಎನ್ನಲು ಅವತ್ತು ಎಷ್ಟು ಸಲೀಸಾಗಿತ್ತೋ ಇವತ್ತು ಬಾಯಿ ತೆರೆಯುವುದು ಅಷ್ಟೇ ಕಷ್ಟವಾಗಿತ್ತು. ಕಣ್ಣಲ್ಲಿ ನೀರು ತುಂಬಿ ಎದುರಿನವಳ ಮುಖವೂ ಕಾಣಲಿಲ್ಲ. ನಾದಿನಿ ಕಾದಳು. ಸಹಾಯ ಮಾಡಲಿಲ್ಲ, ಕಾದಳು.

"ತಪ್ಪು ನಂದು. ಒಳಗೆ ಬಾ," ಎಂದಳು ತಂಗಿ ಕೊನೆಗೆ.

ನಾದಿನಿ ಹೊಸ್ತಿಲು ದಾಟಿದಳು. ಅತ್ತಿಗೆಯ ಕೈಯನ್ನು ಒಮ್ಮೆ ಹಿಡಿದು ಬಿಟ್ಟಳು. ಅಣ್ಣನ ಕಡೆ ತಿರುಗಿಯೂ ನೋಡದೆ ಮೇಜಿಗೆ ಹೋಗಿ, ಹಡಗಿನ ಬಲ ಮಗ್ಗುಲಿಗೆ ಕಣ್ಣು ತಂದು ನೋಡಿದಳು. ನೋಡುತ್ತಾ ನೋಡುತ್ತಾ ಅವಳ ಹುಬ್ಬು ಗಂಟಿಕ್ಕಿತು.

"ಅಣ್ಣ, ಈ ಪಟ್ಟೆ ಎಳೆದದ್ದು ಯಾರು?"

"ನಾನೇ," ಎಂದ ಕ್ಯಾಪ್ಟನ್, ಆ ದಿನದ ಎರಡನೇ ತಪ್ಪೊಪ್ಪಿಗೆಯಾಗಿ.

"ಓಲೆ ವಿಷಯ ನಾಳೆ ಮಾತಾಡೋಣ. ಇದಕ್ಕೆ ಮಾತ್ರ ನಿನಗೆ ಕ್ಷಮೆ ಇಲ್ಲ." ಅವಳು ಕುರ್ಚಿ ಎಳೆದುಕೊಂಡು ಕೂತಳು. "ಅತ್ತಿಗೆ, ನನ್ನ ಬ್ರಷ್ ಬಿಸಾಕಿಬಿಟ್ರಾ?"

ತಂಗಿ ಒಳಗೆ ಹೋದಳು. ಕೋಪ ನೆತ್ತಿಗೇರಿದ್ದ ದಿನಗಳಲ್ಲೂ ಬಿಸಾಕಲು ಕೈ ಬಾರದೆ ಬಟ್ಟೆಯಲ್ಲಿ ಸುತ್ತಿ ಎತ್ತಿಟ್ಟಿದ್ದ ಬ್ರಷ್ಷನ್ನು ತಂದುಕೊಟ್ಟಳು. ದೀಪವನ್ನೂ ತಾನೇ ಹತ್ತಿರ ಹಿಡಿದಳು. ನಾದಿನಿ ಉಸಿರು ಬಿಗಿಹಿಡಿದು ಹಡಗಿನ ಮೂತಿಯ ಬಳಿ ಬ್ರಷ್ ಊರಿದಳು. ಕ್ಯಾಪ್ಟನ್ ಬಣ್ಣದ ಡಬ್ಬಿ ಹಿಡಿದು ಮೂಲೆಯಲ್ಲಿ ನಿಂತ. ಅವನನ್ನು ಕೂರು ಎಂದು ಯಾರೂ ಹೇಳಲಿಲ್ಲ.

ಅಕ್ಕ ಚಪ್ಪಲಿ ಮೆಟ್ಟಿಕೊಂಡಳು. ತೂತು ಮುಚ್ಚಬೇಕಲ್ಲವೇ ಎಂದು ಡಾಕ್ಟರು ಪಿಸುಗುಟ್ಟಿದ. ಹಲ್ಲಿಗೆ ತುಂಬುವ ಸಿಮೆಂಟು ತನ್ನ ಹತ್ತಿರ ಬೇಕಾದಷ್ಟಿದೆಯಂತೆ.

"ಮುಟ್ಟಬೇಡಿ," ಎಂದಳು ತಂಗಿ, ದೀಪ ಅಲುಗಿಸದೆ. "ನಾಳೆ ಈ ಕಡೇನೇ ಜನಕ್ಕೆ ತೋರಿಸೋದು. ಯಾವ ಯುದ್ಧದಲ್ಲಿ ಬಿದ್ದ ತೂತು ಅಂತ ಕೇಳಿದವರಿಗೆಲ್ಲ ಇವರೇ ನಿಂತು ಉತ್ತರ ಹೇಳಲಿ."